ಮಂಡಿ ಸವೆತಕ್ಕೆ ರೋಗನಿರೋಧಕ ಕೋಶಗಳ ಚಿಕಿತ್ಸೆ: ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಫಿಸಿಯೋಥೆರಪಿಸ್ಟ್. ರೇಷ್ಮೆ ಸಾಕುವವರು, ರಾಗಿ ಹೊಲದಲ್ಲಿ ಕಳೆ ಕೀಳುವವರು, ಟೊಮೇಟೊ ಬಾಕ್ಸ್ ಹೊರುವವರು, ಬೆಳಗಿನ ಜಾವಕ್ಕೇ ಎದ್ದು ಹಾಲು ಕರೆಯುವವರು, ಇವರ ಮಂಡಿಗಳೇ ನನ್ನ ದಿನನಿತ್ಯದ ಕೆಲಸ. ಮೊದಲೆಲ್ಲ ಬಂದವರು "ಆಪರೇಷನ್ ಬೇಕಾಗುತ್ತಾ?" ಎಂದು ಕೇಳುತ್ತಿದ್ದರು. ಈಗ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿ "ಈ ಸೆಲ್ ಇಂಜೆಕ್ಷನ್ ಹಾಕಿಸಿದರೆ ಸವೆದದ್ದು ಮತ್ತೆ ಬೆಳೆಯುತ್ತಂತೆ, ನಿಜವಾ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದೇ ಮಾತಲ್ಲಿ ಹೇಳಿ. ಇಂಥ ಚಿಕಿತ್ಸೆ ಇದೆಯಾ, ಇಲ್ಲವಾ?

ಸಂಶೋಧನೆ ಇದೆ, ಅದು ಗಟ್ಟಿಯಾದ ಸಂಶೋಧನೆ. ಆದರೆ ಮಂಡಿ ಸವೆತಕ್ಕೆಂದು ರೋಗನಿರೋಧಕ ಕೋಶಗಳನ್ನೇ ಔಷಧಿಯಾಗಿ ಕೊಡುವ, ಅನುಮತಿ ಪಡೆದ ಚಿಕಿತ್ಸೆ ನಮ್ಮ ದೇಶದಲ್ಲಿ ಇನ್ನೂ ಬಂದಿಲ್ಲ. ಅದೇ ಹೆಸರು ಹೇಳಿ ಇವತ್ತು ಮಾರುತ್ತಿರುವುದು ಹೆಚ್ಚಾಗಿ ಬೇರೆಯೇ ವಸ್ತು.

ಮಂಡಿ ಸವೆಯುವುದು ವಯಸ್ಸಿನಿಂದ ಅಲ್ಲವಾ? ರೋಗನಿರೋಧಕ ಶಕ್ತಿಗೂ ಅದಕ್ಕೂ ಏನು ಸಂಬಂಧ?

ಮಂಡಿ ಸವೆತವನ್ನು ನಾವು ಎತ್ತಿನಗಾಡಿಯ ಕೀಲಿನಂತೆ ನೋಡಿಕೊಂಡು ಬಂದಿದ್ದೇವೆ. ಓಡಿದಷ್ಟೂ ಸವೆಯುತ್ತದೆ, ಗ್ರೀಸ್ ಖಾಲಿಯಾಗುತ್ತದೆ, ಮುಗಿಯಿತು. ಡಾಕ್ಟರುಗಳೂ ತುಂಬಾ ಕಾಲ ಹೀಗೇ ಅಂದುಕೊಂಡಿದ್ದರು. ವಯಸ್ಸು, ತೂಕ, ಹಳೆಯ ಪೆಟ್ಟು, ವರ್ಷಾನುಗಟ್ಟಲೆ ಕುಕ್ಕರುಗಾಲಲ್ಲಿ ಮಾಡಿದ ಕೆಲಸ ಇವೆಲ್ಲ ಕಾರಣಗಳೇ, ಸುಳ್ಳಲ್ಲ. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಪದರಕ್ಕೆ ಮೃದ್ವಸ್ಥಿ ಎನ್ನುತ್ತಾರೆ, ಕಾರ್ಟಿಲೇಜ್ ಅಂದರೂ ಅದೇ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಮುಕ್ಕಾಲು ಭಾಗದ ಹತ್ತಿರ ನೀರು, ಉಳಿದದ್ದು ಕೊಲಾಜನ್ ಎಳೆಗಳು ಮತ್ತು ನೀರು ಹಿಡಿದಿಡುವ ಪ್ರೊಟೀನು. ಅಲ್ಲಲ್ಲಿ ಒಂದೊಂದು ಜೀವಕೋಶ. ಈ ಪದರ ಎಲ್ಲೋ ಸ್ವಲ್ಪ ಕಿತ್ತು ಅದರ ಚೂರುಗಳು ಕೀಲಿನ ದ್ರವದಲ್ಲಿ ಬಿದ್ದವು ಅಂದುಕೊಳ್ಳಿ. ಕೀಲನ್ನು ಒಳಗಿನಿಂದ ಸುತ್ತಿರುವ ತೆಳು ಪೊರೆಯಲ್ಲಿ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಿರುತ್ತವೆ. ಕಸ ನುಂಗುವುದು ಅವುಗಳ ಕೆಲಸ. ಚೂರುಗಳನ್ನು ನುಂಗುತ್ತಾ ನುಂಗುತ್ತಾ ಅವು ಕೆರಳಿ ಐಎಲ್-1, ಟಿಎನ್ಎಫ್ ಎಂಬ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಈ ರಾಸಾಯನಿಕ ತಾಗಿದ ಮೃದ್ವಸ್ಥಿಯ ಕೋಶಗಳು ತಮ್ಮ ಸುತ್ತಲಿನ ಕೊಲಾಜನ್ ಅನ್ನೇ ಕತ್ತರಿಸುವ ಕಿಣ್ವಗಳನ್ನು ತಯಾರಿಸತೊಡಗುತ್ತವೆ. ಇನ್ನಷ್ಟು ಚೂರು ಬೀಳುತ್ತದೆ. ಮ್ಯಾಕ್ರೋಫೇಜ್ ಇನ್ನಷ್ಟು ಕೆರಳುತ್ತದೆ.

ಒಂದೇ ಎಕ್ಸ್‌ರೇ ಇರುವ ಇಬ್ಬರಲ್ಲಿ ಒಬ್ಬರು ಆರಾಮಾಗಿ ಓಡಾಡುವುದು, ಇನ್ನೊಬ್ಬರು ರಾತ್ರಿ ನಿದ್ದೆಯಿಲ್ಲದೆ ನರಳುವುದಕ್ಕೆ ಇದೂ ಒಂದು ಕಾರಣ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಉರಿಯೂತ ಕಾಣುವುದಿಲ್ಲ. ನೋವನ್ನು ತೀರ್ಮಾನಿಸುವುದರಲ್ಲಿ ಆ ಪೊರೆಯ ಪಾಲು ದೊಡ್ಡದು.

ಹಾಗಾದರೆ ಆ ಉರಿಯೂತದ ರಾಸಾಯನಿಕವನ್ನೇ ತಡೆಯುವ ಔಷಧಿ ಕೊಟ್ಟರೆ ಸಾಕಲ್ಲ?

ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೂ ಮೊದಲು ಇದನ್ನೇ ಯೋಚಿಸಿದರು. ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತದಲ್ಲಿ ಟಿಎನ್ಎಫ್ ತಡೆಯುವ ಔಷಧಿಗಳು ಎಷ್ಟೋ ಜನರ ಬದುಕನ್ನೇ ಬದಲಾಯಿಸಿವೆ. ಸವೆತದ ಕಾಯಿಲೆಯಲ್ಲಿ ಮಾತ್ರ ಆ ಫಲ ಸಿಗಲಿಲ್ಲ. ಕೈಬೆರಳ ಕೀಲು ಸವೆತಕ್ಕೆ ಟಿಎನ್ಎಫ್ ತಡೆಯುವ ಅಡಾಲಿಮುಮ್ಯಾಬ್ ಕೊಟ್ಟು ನೋಡಿದರು, ಉರಿಯೂತ ತಗ್ಗಿಸುವ ಇನ್ನೊಂದು ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ನೋಡಿದರು. ಔಷಧಿಯಿಲ್ಲದ ಗುಂಪಿಗೂ ಔಷಧಿ ತೆಗೆದುಕೊಂಡ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ದಾರಿಯೇ ತಪ್ಪು ಎನ್ನಲೂ ಬರುವುದಿಲ್ಲ. ಹೃದಯಾಘಾತ ಆಗಿದ್ದ 10,000ಕ್ಕೂ ಹೆಚ್ಚು ಜನರಿಗೆ ಐಎಲ್-1 ತಡೆಯುವ ಕ್ಯಾನಾಕಿನುಮ್ಯಾಬ್ ಎಂಬ ಔಷಧಿ ಕೊಟ್ಟ ಒಂದು ಪ್ರಯೋಗವಿದೆ. ಅದು ನಡೆದದ್ದು ಹೃದಯಕ್ಕಾಗಿ. ಆಮೇಲೆ ಲೆಕ್ಕ ತೆಗೆದು ನೋಡಿದರೆ, ಔಷಧಿ ಪಡೆದವರಲ್ಲಿ ಮಂಡಿ ಮತ್ತು ಸೊಂಟದ ಕೀಲು ಬದಲಿಸುವ ಆಪರೇಷನ್‌ಗಳು ಸುಮಾರು 40 ಶೇಕಡಾ ಕಡಿಮೆ ಇದ್ದವು. ಆ ಪ್ರಯೋಗವನ್ನು ಕೀಲಿಗಾಗಿ ಕಟ್ಟಿರಲಿಲ್ಲವಾದ್ದರಿಂದ ಇದನ್ನೇ ಪುರಾವೆ ಎಂದು ಹಿಡಿಯಲಾಗದು. ಸುಳಿವಂತೂ ಹೌದು.

ಇಡೀ ಮೈಗೆ ಔಷಧಿ ಹೊಡೆಯುವ ಬದಲು, ಕೀಲಿನೊಳಗೇ ಹೋಗಿ ಅಲ್ಲಿನ ಪರಿಸ್ಥಿತಿ ನೋಡಿ ಕೆಲಸ ಮಾಡುವ ಕೋಶಗಳನ್ನು ಕಳಿಸಿದರೆ ಹೇಗೆ ಎಂಬ ಯೋಚನೆಗೆ ಇಂಥ ಅನುಭವಗಳೂ ಕಾರಣ.

ಯಾವ ಕೋಶಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ?

ಮುಖ್ಯವಾಗಿ ಎರಡು.

ಒಂದು, ಈಗ ಹೇಳಿದ ಮ್ಯಾಕ್ರೋಫೇಜ್. ಇವುಗಳಿಗೆ ಎರಡು ಸ್ವಭಾವ. ಕೆರಳಿದ ಸ್ವಭಾವಕ್ಕೆ ಎಂ1, ಗಾಯ ಮಾಯಿಸುವ ಸ್ವಭಾವಕ್ಕೆ ಎಂ2 ಎಂದು ಹೆಸರಿಟ್ಟಿದ್ದಾರೆ. ನಿಜದಲ್ಲಿ ಎರಡರ ನಡುವೆ ಹತ್ತಾರು ಮೆಟ್ಟಿಲುಗಳಿವೆ. ಲ್ಯಾಬಿನಲ್ಲಿ ರಕ್ತದಿಂದ ಕೋಶ ತೆಗೆದು, ಅದನ್ನು ಶಾಂತ ಸ್ವಭಾವಕ್ಕೆ ತಿರುಗಿಸಿ ಮತ್ತೆ ಕೀಲಿಗೆ ಬಿಡಬಹುದೇ ಎಂದು ಪ್ರಾಣಿಗಳ ಮೇಲೆ ನೋಡುತ್ತಿದ್ದಾರೆ. ಮನುಷ್ಯರ ಲಿವರ್ ಸಿರೋಸಿಸ್‌ಗೆ ಇದೇ ಬಗೆಯ ಮ್ಯಾಕ್ರೋಫೇಜ್ ಚಿಕಿತ್ಸೆಯನ್ನು ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿ ಪ್ರಯೋಗಿಸಿದ್ದಾರೆ. ಕಷ್ಟ ಏನೆಂದರೆ, ಶಾಂತ ಮಾಡಿ ಕಳಿಸಿದ ಕೋಶ ಉರಿಯುತ್ತಿರುವ ಕೀಲಿಗೆ ಹೋಗಿ ಮತ್ತೆ ಕೆರಳಿದರೆ? ಅದನ್ನು ಅದೇ ಸ್ವಭಾವದಲ್ಲಿ ಹಿಡಿದಿಡುವುದೇ ದೊಡ್ಡ ಸವಾಲು.

ಎರಡನೆಯದು ನಿಯಂತ್ರಕ ಟಿ ಕೋಶಗಳು, ಟಿ-ರೆಗ್ ಎನ್ನುತ್ತಾರೆ. ಟಿ ಕೋಶ ಎಂದರೆ ರಕ್ತದ ಬಿಳಿ ಕೋಶಗಳಲ್ಲಿ ಒಂದು ಬಗೆ. ನಮ್ಮ ಕಡೆ ಕೆರೆಗೆ ನೀರುಗಂಟಿ ಇದ್ದ ಹಾಗೆ ಇವು. ಗದ್ದೆಗೆ ಬೇಕಾದಷ್ಟು ಹೊತ್ತು ತೂಬು ತೆಗೆದು, ಸಾಕಾದಾಗ ಮುಚ್ಚುವವನು ನೀರುಗಂಟಿ. ಅವನಿಲ್ಲದಿದ್ದರೆ ಅದೇ ನೀರು ಬೆಳೆಯನ್ನು ಕೊಳೆಸುತ್ತದೆ. ಟಿ-ರೆಗ್ ಕೋಶಗಳು ರೋಗನಿರೋಧಕ ವ್ಯವಸ್ಥೆಗೆ "ಸಾಕು, ನಿಲ್ಲಿಸು" ಎಂದು ಹೇಳುತ್ತವೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ಎಂಬ ಜೀನ್ ಕಂಡುಹಿಡಿದರು, ಆ ಜೀನ್ ಇಲ್ಲದೆ ಈ ಕೋಶಗಳು ರೂಪುಗೊಳ್ಳುವುದಿಲ್ಲ ಎಂದು ಆಮೇಲೆ ತಿಳಿಯಿತು. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ನಿಮ್ಮ ಮೊಬೈಲಿಗೆ ಬರುವ ವಿಡಿಯೊಗಳಲ್ಲಿ "ನೊಬೆಲ್ ಪಡೆದ ಚಿಕಿತ್ಸೆ" ಎಂದಿದ್ದರೆ, ನೊಬೆಲ್ ಸಿಕ್ಕಿದ್ದು ಈ ಕೋಶಗಳ ಆವಿಷ್ಕಾರಕ್ಕೆ, ಮಂಡಿ ಇಂಜೆಕ್ಷನ್‌ಗೆ ಅಲ್ಲ ಎಂಬುದು ನೆನಪಿರಲಿ. ಟಿ-ರೆಗ್ ಕೋಶಗಳನ್ನು ಮನುಷ್ಯರಿಗೆ ಕೊಟ್ಟು ನೋಡುತ್ತಿರುವುದು ಹೆಚ್ಚಾಗಿ ಕಿಡ್ನಿ ಕಸಿ, ಟೈಪ್ 1 ಸಕ್ಕರೆ ಕಾಯಿಲೆಯಂಥ ಕಡೆ.

ಕ್ಯಾನ್ಸರ್‌ಗೆ ಕೊಡುವ ಕಾರ್-ಟಿ ಇದೇನಾ? ಅದು ನಮ್ಮ ದೇಶದಲ್ಲೇ ತಯಾರಾಗುತ್ತಂತೆ?

ತಯಾರಾಗುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ಕೆಲಸದಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ನಮ್ಮವರು ಹೆಮ್ಮೆಪಡಬೇಕಾದ ಕೆಲಸ ಅದು. ಆದರೆ ಅದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ. ರೋಗಿಯ ಟಿ ಕೋಶ ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲುವಂತೆ ತಿದ್ದಿ ಮತ್ತೆ ಮೈಗೆ ಬಿಡುತ್ತಾರೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ, ರೋಗನಿರೋಧಕ ವ್ಯವಸ್ಥೆಯೇ ಮೈಯ ಮೇಲೆ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯವರಿಗೂ ಇದೇ ಮಾದರಿಯಲ್ಲಿ ಕೊಟ್ಟು ಒಳ್ಳೆಯ ಫಲ ಕಂಡಿದ್ದಾರೆ, ಅಲ್ಲಿ ತಪ್ಪು ಮಾಡುತ್ತಿರುವುದು ಬಿ ಕೋಶಗಳೆಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳು ಎಂಬುದು ಗೊತ್ತಿದೆ.

ಮಂಡಿ ಸವೆತದಲ್ಲಿ ಕೊಲ್ಲಬೇಕಾದ ಶತ್ರು ಕೋಶ ಎಂಬುದೇ ಇಲ್ಲ. ಬೇಕಾದದ್ದು ಶಾಂತಿ. ಜೊತೆಗೆ ಕಾರ್-ಟಿ ಕೊಟ್ಟಾಗ ಜ್ವರ ಬಂದು, ಬಿಪಿ ಕುಸಿದು ಐಸಿಯು ಸೇರಬೇಕಾಗಬಹುದು. ಜೀವಕ್ಕೇ ಕುತ್ತಾದ ಕ್ಯಾನ್ಸರ್‌ನಲ್ಲಿ ಆ ಅಪಾಯ ತೆಗೆದುಕೊಳ್ಳುತ್ತಾರೆ. ಮಂಡಿ ನೋವಿಗೆ ಯಾರೂ ತೆಗೆದುಕೊಳ್ಳಬಾರದು.

ಸ್ಟೆಮ್ ಸೆಲ್ ಅಂದರೂ ಇದೇನಾ?

ಹೆಸರು ಬೇರೆ, ಆದರೆ ಕೊನೆಗೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಂಡಿಗೆ ಹಾಕುವ ಸ್ಟೆಮ್ ಸೆಲ್ ಎಂದರೆ ಸಾಮಾನ್ಯವಾಗಿ ಮೂಳೆ ಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಮೆಸೆಂಕೈಮಲ್ ಕೋಶಗಳು. ಮೆಸೆಂಕೈಮಲ್ ಸ್ಟೆಮ್ ಸೆಲ್, ಅಂದರೆ ಮೂಳೆ, ಮೃದ್ವಸ್ಥಿಯಂಥ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಕೋಶ, ಎಂಬ ಹೆಸರನ್ನು 1991ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್. ಇವು ಕೀಲಿನೊಳಗೆ ಹೋಗಿ ಹೊಸ ಮೃದ್ವಸ್ಥಿಯಾಗುತ್ತವೆ ಎಂದು ಆಗ ಎಲ್ಲರಿಗೂ ಆಸೆ. 2017ರಲ್ಲಿ ಅದೇ ಕ್ಯಾಪ್ಲನ್, ಇವನ್ನು ಸ್ಟೆಮ್ ಸೆಲ್ ಎಂದು ಕರೆಯುವುದನ್ನು ಬಿಡೋಣ ಎಂದು ಬರೆದರು. ಯಾಕೆಂದರೆ ಇವು ಅಲ್ಲಿ ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಸಂಕೇತಗಳನ್ನು ಕಳಿಸುವುದೇ ಹೆಚ್ಚು. ಆ ಸಂಕೇತ ಯಾರಿಗೆ? ಬಹುಪಾಲು ಮ್ಯಾಕ್ರೋಫೇಜ್, ಟಿ ಕೋಶಗಳಿಗೆ. ಅಂದರೆ ಸ್ಟೆಮ್ ಸೆಲ್ ಹಾಕಿದರೂ ಕೆಲಸ ನಡೆಯುವುದು ರೋಗನಿರೋಧಕ ಕೋಶಗಳ ಮೂಲಕವೇ. ಹಾಕಿದ ಕೋಶಗಳು ಹೆಚ್ಚು ದಿನ ಬದುಕುವುದೂ ಇಲ್ಲ.

ಭಾರತದಲ್ಲಿ ಅನುಮತಿ ಪಡೆದದ್ದು ಒಂದಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯೂಸೆಲ್. ದಾನಿಗಳ ಮೂಳೆ ಮಜ್ಜೆಯಿಂದ ಬೆಳೆಸಿದ ಕೋಶಗಳು, ಒಂದೇ ಇಂಜೆಕ್ಷನ್. ಅದಕ್ಕೆ ದೇಶದ ಔಷಧ ನಿಯಂತ್ರಕರು 2022ರಲ್ಲಿ ಮಂಡಿ ಸವೆತಕ್ಕೆ ಅನುಮತಿ ಕೊಟ್ಟರು. 146 ರೋಗಿಗಳ ಮೇಲೆ ನಡೆದ ಮೂರನೇ ಹಂತದ ಪ್ರಯೋಗದಲ್ಲಿ, ಒಂದು ವರ್ಷದ ಹೊತ್ತಿಗೆ ಹೋಲಿಕೆಯ ಗುಂಪಿಗಿಂತ ನೋವು ಕಡಿಮೆಯಿತ್ತು, ಓಡಾಟ ಚೆನ್ನಾಗಿತ್ತು. ಒಂದು ವಿಷಯ ಗಟ್ಟಿಯಾಗಿ ಗಮನಿಸಿ: ಎಕ್ಸ್‌ರೇ ನೋಡಿ ಸವೆತವನ್ನು 1ರಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ, ಅನುಮತಿ ಇರುವುದು ಗ್ರೇಡ್ 2 ಮತ್ತು 3ರ ಸವೆತಕ್ಕೆ. ಮೂಳೆಗೆ ಮೂಳೆ ತಾಗಿ ಕಾಲು ಬಿಲ್ಲಿನಂತೆ ಬಾಗಿರುವ ಗ್ರೇಡ್ 4ಕ್ಕಲ್ಲ. ನನ್ನ ಹತ್ತಿರ ಬಂದು ಕೇಳುವವರಲ್ಲಿ ಎಷ್ಟೋ ಜನ ಈಗಾಗಲೇ ಆ ಕೊನೆಯ ಹಂತದಲ್ಲಿರುತ್ತಾರೆ.

ಇನ್ನೊಂದು ಪಕ್ಕವನ್ನೂ ಹೇಳಲೇಬೇಕು. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಮೂರು ಬಗೆಯ ಕೋಶಗಳನ್ನು ಹೋಲಿಸಿದರು: ರೋಗಿಯದೇ ಮೂಳೆ ಮಜ್ಜೆ, ರೋಗಿಯದೇ ಕೊಬ್ಬು, ದಾನಿಯ ಹೊಕ್ಕುಳಬಳ್ಳಿ. ಎದುರಿಗೆ ನಿಲ್ಲಿಸಿದ್ದು ಸಾಮಾನ್ಯ ಸ್ಟೀರಾಯ್ಡ್ ಇಂಜೆಕ್ಷನ್. ಒಂದು ವರ್ಷದ ನಂತರ ಮೂರರಲ್ಲಿ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲೆ ಎನಿಸಲಿಲ್ಲ. ಎಂಆರ್‌ಐಯಲ್ಲೂ ವ್ಯತ್ಯಾಸ ಸಿಗಲಿಲ್ಲ.

ಎರಡು ಪ್ರಯೋಗ, ಎರಡು ಬಗೆಯ ಉತ್ತರ. ಕೋಶ ಎಲ್ಲಿಂದ ಬಂತು, ಹೇಗೆ ಬೆಳೆಸಿದರು, ಯಾವುದಕ್ಕೆ ಹೋಲಿಸಿದರು ಎಂಬುದರ ಮೇಲೆ ಫಲ ಬದಲಾಗುತ್ತದೆ. ಆದ್ದರಿಂದ "ಸೆಲ್ ಥೆರಪಿ ಒಳ್ಳೆಯದಾ" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. "ಈ ಸೀಸೆಯಲ್ಲಿ ಇರುವುದೇನು" ಎಂದು ಕೇಳಿದರೆ ಉತ್ತರವಿದೆ.

ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತಾ?

ವಯಸ್ಸಾದವರ ಇಡೀ ಮಂಡಿಯಲ್ಲಿ ಸವೆದುಹೋದ ಪದರವನ್ನು ಮೊದಲಿನಂತೆ ಬೆಳೆಸಿಕೊಡುವ ಇಂಜೆಕ್ಷನ್ ಇಲ್ಲ. ಯಾರಾದರೂ ಎರಡು ಎಕ್ಸ್‌ರೇ ಪಕ್ಕಪಕ್ಕ ಇಟ್ಟು "ನೋಡಿ, ಗ್ಯಾಪ್ ಜಾಸ್ತಿಯಾಗಿದೆ" ಎಂದರೆ, ಮೊದಲನೆಯದನ್ನು ನಿಲ್ಲಿಸಿ ತೆಗೆದರೋ ಮಲಗಿಸಿ ತೆಗೆದರೋ ಎಂದು ಕೇಳಿ. ನಿಂತಾಗ ಮೈಭಾರ ಬಿದ್ದು ಗ್ಯಾಪ್ ಕಡಿಮೆ ಕಾಣುತ್ತದೆ, ಮಲಗಿದಾಗ ಅದೇ ಮಂಡಿಯಲ್ಲಿ ಜಾಸ್ತಿ ಕಾಣುತ್ತದೆ. ಒಂದೇ ದಿನ, ಒಂದೇ ಮಂಡಿಯ ಅಂಥ ಎರಡು ಫಿಲ್ಮ್‌ಗಳನ್ನು ನಾನೇ ಬೆಳಕಿಗೆ ಹಿಡಿದು ನೋಡಿದ್ದೇನೆ.

ಬೇರೆ ದೇಶಗಳಲ್ಲಿ ಕೊಡುತ್ತಿದ್ದಾರಂತಲ್ಲ, ಕೊರಿಯಾದಲ್ಲಿ?

ಕೊರಿಯಾದ ಕಥೆ ಎಲ್ಲರೂ ತಿಳಿಯಬೇಕಾದದ್ದು. ಅಲ್ಲಿ ಇನ್‌ವೊಸ್ಸಾ ಎಂಬ ಮಂಡಿ ಇಂಜೆಕ್ಷನ್‌ಗೆ 2017ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು. ಮೃದ್ವಸ್ಥಿಯ ಕೋಶಗಳಿಗೆ ಒಂದು ಬೆಳವಣಿಗೆಯ ಜೀನ್ ಸೇರಿಸಿದ್ದೇವೆ, ಅದು ಕೀಲಿನ ಮ್ಯಾಕ್ರೋಫೇಜ್‌ಗಳನ್ನು ಶಾಂತ ಸ್ವಭಾವಕ್ಕೆ ತಿರುಗಿಸುತ್ತದೆ ಎಂಬುದು ಅದರ ತರ್ಕ. ಸಾವಿರಾರು ಜನ ಹಾಕಿಸಿಕೊಂಡರು. ಆಮೇಲೆ ಪರೀಕ್ಷೆ ಮಾಡಿದಾಗ ಜೀನ್ ಸೇರಿಸಿದ ಆ ಕೋಶಗಳು ಮೃದ್ವಸ್ಥಿಯದ್ದಲ್ಲ, ಲ್ಯಾಬಿನಲ್ಲಿ ಬೆಳೆಸುವ ಕಿಡ್ನಿ ಮೂಲದ ಕೋಶಗಳು ಎಂದು ಗೊತ್ತಾಯಿತು. 2019ರಲ್ಲಿ ಅನುಮತಿ ರದ್ದಾಯಿತು. ದೊಡ್ಡ ಕಂಪನಿ, ಕಟ್ಟುನಿಟ್ಟಿನ ಸರ್ಕಾರ, ವರ್ಷಗಟ್ಟಲೆ ಪ್ರಯೋಗ, ಇಷ್ಟೆಲ್ಲ ಇದ್ದೂ ಹೀಗಾಯಿತು. ಯಾವ ಪರೀಕ್ಷೆಯೂ ಇಲ್ಲದೆ ಒಂದು ಕೋಣೆಯಲ್ಲಿ ತಯಾರಾಗುವುದರ ಬಗ್ಗೆ ನನಗೆ ಭಯವಾಗುವುದು ಇದಕ್ಕೇ.

ಇದರಿಂದ ಅಪಾಯ ಏನು? ಕೆಲಸ ಮಾಡದಿದ್ದರೆ ಬಿಡಲಿ, ತೊಂದರೆಯಂತೂ ಇಲ್ಲವಲ್ಲ?

ತೊಂದರೆ ಇದೆ. ಮುಖ್ಯವಾದದ್ದು ಸೋಂಕು. ಕೀಲಿನೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗಬಹುದು. 2018ರಲ್ಲಿ ಅಮೆರಿಕದ ಮೂರು ರಾಜ್ಯಗಳಲ್ಲಿ, ಅನುಮತಿಯಿಲ್ಲದ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಚುಚ್ಚಿಸಿಕೊಂಡ 12 ಜನ ಸೋಂಕಾಗಿ ಆಸ್ಪತ್ರೆ ಸೇರಿದ್ದು ದಾಖಲಾಗಿದೆ. ಯಾವುದೇ ಇಂಜೆಕ್ಷನ್ ಆದ ಮೇಲೆ ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ನಾಳೆ ನೋಡೋಣ ಎನ್ನಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

ಪಿಆರ್‌ಪಿ ಹಾಕಿಸಬಹುದಾ? ನಮ್ಮದೇ ರಕ್ತ ಅಲ್ಲವಾ?

ನಿಮ್ಮ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಹಾಕುತ್ತಾರೆ. ಅದು ರೋಗನಿರೋಧಕ ಕೋಶ ಚಿಕಿತ್ಸೆ ಅಲ್ಲ, ಸ್ಟೆಮ್ ಸೆಲ್ಲೂ ಅಲ್ಲ. ಕೆಲವರಿಗೆ ಕೆಲವು ತಿಂಗಳು ಆರಾಮ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರ, ಒಂದು ವರ್ಷದ ನಂತರ ಪಿಆರ್‌ಪಿಗೂ ಬರೀ ಉಪ್ಪುನೀರಿನ ಇಂಜೆಕ್ಷನ್‌ಗೂ ವ್ಯತ್ಯಾಸ ಕಾಣಲಿಲ್ಲ.

ಸ್ಟೀರಾಯ್ಡ್ ಇಂಜೆಕ್ಷನ್?

ಊತ ಜಾಸ್ತಿ ಇದ್ದಾಗ ಒಂದು ಇಂಜೆಕ್ಷನ್ ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತದೆ. ಪದೇ ಪದೇ ಬೇಡ. ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಹಾಕಿದ ಪ್ರಯೋಗದಲ್ಲಿ ನೋವಿಗೆ ಹೆಚ್ಚಿನ ಲಾಭ ಸಿಗಲಿಲ್ಲ, ಮೃದ್ವಸ್ಥಿ ಮಾತ್ರ ಇನ್ನಷ್ಟು ತೆಳುವಾಯಿತು. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಶುಗರ್ ಏರುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ.

ನನ್ನದು ಸವೆತವೇ ಎಂದು ಹೇಗೆ ಗೊತ್ತು?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು, ಆದರೆ ಬಂದವರು ಕೊನೆಗೆ ಕೇಳುತ್ತಾರೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ನೆಲದಲ್ಲಿ ಇದು ಇನ್ನೂ ಮುಖ್ಯ.

ಬೆಳಗ್ಗೆ ಎದ್ದಾಗ ಕೀಲು ಬಿಗಿಯಾಗಿದ್ದು ಅರ್ಧ ಗಂಟೆಯೊಳಗೆ ಸಡಿಲವಾದರೆ ಸಾಮಾನ್ಯವಾಗಿ ಸವೆತ. ಒಂದು ಗಂಟೆ ದಾಟಿದರೂ ಬಿಗಿ ಬಿಡದೆ, ಎರಡೂ ಕೈಯ ಬೆರಳುಗಳ ಗಿಣ್ಣು ಊದಿದ್ದರೆ ರುಮಟಾಯ್ಡ್ ಇರಬಹುದು. ಅದಕ್ಕೆ ಒಳ್ಳೆಯ ಔಷಧಿಗಳಿವೆ, ತಡಮಾಡಿದರೆ ಕೀಲು ವಕ್ರವಾಗುತ್ತದೆ. ಚಿಕುನ್‌ಗುನ್ಯಾ ಬಂದುಹೋದವರಿಗೆ ತಿಂಗಳುಗಟ್ಟಲೆ ಕೀಲು ನೋವು ಉಳಿಯುವುದುಂಟು, 2006ರ ಆ ವರ್ಷವನ್ನು ಇಲ್ಲಿನ ಹಿರಿಯರು ಮರೆತಿಲ್ಲ.

ಇನ್ನು ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ. ಅದು ಹೆಚ್ಚಿರುವ ಆಳದ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕತ್ತು, ಬೆನ್ನು, ಸೊಂಟ ಎಲ್ಲ ಬಿಗಿದು ಬಗ್ಗುವುದಕ್ಕೇ ಆಗದಂತಾಗಬಹುದು. ಎಕ್ಸ್‌ರೇಯಲ್ಲಿ ಮೂಳೆ ಸುಣ್ಣ ಬಳಿದಂತೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಇದಕ್ಕೆ ಯಾವ ಕೋಶದ ಇಂಜೆಕ್ಷನ್ನೂ ಉಪಯೋಗವಿಲ್ಲ, ಬದಲಾಯಿಸಬೇಕಾದದ್ದು ನೀರನ್ನು. ಬೇರೆ ಬೇರೆ ಕಡೆ ದುಡ್ಡು ಸುರಿದು ಬಂದವರೊಬ್ಬರಿಗೆ ಬಾಯಿ ತೆರೆಯಿರಿ ಎಂದೆ. ಹಲ್ಲುಗಳ ಮೇಲೆ ಅಡ್ಡಲಾಗಿ ಕಂದು ಗೆರೆಗಳಿದ್ದವು. ಅಲ್ಲಿಯವರೆಗೆ ಯಾರೂ ಅವರ ನೀರಿನ ಬಗ್ಗೆ ಕೇಳಿರಲಿಲ್ಲ. ನಿಮ್ಮ ಊರಿನ ನೀರಿನ ಪರೀಕ್ಷೆಯ ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಅದು ನಿಮ್ಮ ಹಕ್ಕು.

ಕ್ಲಿನಿಕ್‌ನವರು ಸೆಲ್ ಇಂಜೆಕ್ಷನ್ ಹಾಕುತ್ತೇವೆ ಎಂದರೆ ಏನು ಕೇಳಬೇಕು?

ನನ್ನ ದೊಡ್ಡಮ್ಮನ ಕಥೆ ಹೇಳುತ್ತೇನೆ, ಅದರಲ್ಲೇ ಉತ್ತರವಿದೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ನಗರದ ಒಂದು ಕ್ಲಿನಿಕ್‌ನಲ್ಲಿ "ಇಮ್ಯೂನ್ ಸೆಲ್" ಎಂದು ಹೇಳಿ ಎರಡೂ ಮಂಡಿಗೆ ಇಂಜೆಕ್ಷನ್ ಹಾಕಿದರು. ಎರಡು ಬೆಳೆ ಗೂಡಿನ ದುಡ್ಡು ಹೋಯಿತು. ನನಗೆ ತಿಳಿದದ್ದು ಆಮೇಲೆ. ಅವರು ತಂದ ಚೀಟಿಯಲ್ಲಿ ಔಷಧಿಯ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ, ಎಷ್ಟು ಕೋಶ ಎಂದಿಲ್ಲ. ಬರೀ "ಪ್ಯಾಕೇಜ್" ಎಂದಿತ್ತು, ಕೆಳಗೆ ಮೊತ್ತ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದ ಗುರುತಿತ್ತು. ಹಾಗೆ ತೆಗೆದ ಮಜ್ಜೆಯಲ್ಲಿ ಮೆಸೆಂಕೈಮಲ್ ಕೋಶಗಳು ಸಿಗುವುದು ಹತ್ತು ಸಾವಿರ ಕೋಶಕ್ಕೆ ಒಂದರ ಲೆಕ್ಕದಲ್ಲಿ, ಅಥವಾ ಅದಕ್ಕೂ ಕಡಿಮೆ. ಎರಡು ತಿಂಗಳು ಸ್ವಲ್ಪ ಹಗುರ ಎನಿಸಿತಂತೆ. ಮೂರನೇ ತಿಂಗಳು ಮೊದಲಿನಂತೆಯೇ.

ಆದ್ದರಿಂದ ಕೇಳಿ. ಇದು ಅನುಮತಿ ಪಡೆದ ಔಷಧಿಯೋ, ಪ್ರಯೋಗವೋ? ಔಷಧಿಯಾದರೆ ಹೆಸರು, ತಯಾರಕರು, ಬ್ಯಾಚ್ ನಂಬರ್ ಇರುವ ಬಿಲ್ ಕೊಡಿ. ಪ್ರಯೋಗವಾದರೆ ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿಯ, ನೋಂದಣಿ ಸಂಖ್ಯೆ ಕೊಡಿ. ಭಾರತದಲ್ಲಿ 2009ರ ಜೂನ್‌ನಿಂದ ಪ್ರತಿಯೊಂದು ಔಷಧ ಪ್ರಯೋಗವೂ ಅಲ್ಲಿ ನೋಂದಣಿಯಾಗಲೇಬೇಕು, ಮನೆಯಲ್ಲಿ ಓದುವ ಮಕ್ಕಳಿದ್ದರೆ ಮೊಬೈಲಿನಲ್ಲೇ ಹುಡುಕಿ ತೋರಿಸುತ್ತಾರೆ. ಪ್ರಯೋಗ ಎಂದು ಹೇಳಿ ನಿಮ್ಮಿಂದ ಇಂಜೆಕ್ಷನ್ನಿನ ದುಡ್ಡು ಕೇಳಿದರೆ ಅಲ್ಲೇ ಎದ್ದು ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ, ಅನುಮತಿಯಿಲ್ಲದ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ.

ನಿಜವಾದ ಪ್ರಯೋಗಕ್ಕೆ ನಮ್ಮಂಥವರು ಸೇರಬಹುದಾ?

ಸೇರಬಹುದು. ಬೆಂಗಳೂರು ನಮಗೆ ಎರಡು ಗಂಟೆಯೊಳಗಿನ ದಾರಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು, ಮನೆಗೆ ತಂದು ಓದಿಸಿಕೊಂಡು ಯೋಚಿಸಲು ಸಮಯ ಕೊಡಬೇಕು, ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. ಎಷ್ಟೋ ಪ್ರಯೋಗಗಳಲ್ಲಿ ನಿಮಗೆ ಬರುವುದು ಔಷಧಿಯೋ ಬರೀ ಉಪ್ಪುನೀರೋ ಎಂಬುದು ನಿಮಗೂ ಗೊತ್ತಿರುವುದಿಲ್ಲ, ಹಾಕುವ ಡಾಕ್ಟರಿಗೂ ಗೊತ್ತಿರದೆ ಇರಬಹುದು. ಅದಕ್ಕೆ ಮನಸ್ಸು ಸಿದ್ಧವಿರಬೇಕು.

ಅಲ್ಲಿಯವರೆಗೆ ಏನು ಮಾಡೋದು?

ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿ ಮಾಡಿ. ಮಂಡಿಯ ಭಾರ ಹೊರುವುದು ಅದು. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಒಂದು ವಾರವಾದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಆರರಿಂದ ಎಂಟು ವಾರ ಬಿಡದೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ನಾಲ್ಕು ದಿನ ಮಾಡಿ ಬಿಟ್ಟವರೇ "ಇದರಿಂದ ಏನೂ ಆಗಲ್ಲ" ಎನ್ನುವುದು.

ತೂಕ ಜಾಸ್ತಿ ಇದ್ದರೆ ಇಳಿಸಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕಿಲೋ ಹೊರೆ ಕಡಿಮೆಯಾಗುತ್ತದೆ. ನೋವಿಗೆ ಮೊದಲು ಹಚ್ಚುವ ಜೆಲ್ ಬಳಸಿ, ನುಂಗುವ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ತಿಂಗಳುಗಟ್ಟಲೆ ತಿನ್ನಬೇಡಿ, ಕಿಡ್ನಿ ಮತ್ತು ಹೊಟ್ಟೆ ಎರಡಕ್ಕೂ ಕೆಟ್ಟದ್ದು. ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಅನುಮಾನಿಸಿ.

ಹುಳು ಸಾಕುವವರಿಗೆ ಒಂದು ಮಾತು. ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಡುವುದು, ಕಳೆದ ಮೇಲಿನ ಆ ಒಂದು ವಾರ ಹುಳು ತಿನ್ನುವ ಸೊಪ್ಪೇ ಹೆಚ್ಚು, ನೀವು ಕುಕ್ಕರುಗಾಲಲ್ಲಿ ಕೂರುವುದೂ ಆಗಲೇ ಹೆಚ್ಚು. ನೆಲದ ಮೇಲಿನ ತಟ್ಟೆ ಬಿಟ್ಟು, ಸೊಂಟದ ಎತ್ತರದ ಸ್ಟ್ಯಾಂಡಿನಲ್ಲಿ ಕಡ್ಡಿ ಸೊಪ್ಪು ಹಾಕುವ ಪದ್ಧತಿಗೆ ಬನ್ನಿ. ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳು ಆರಿಸಿ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುವಾಗ ಒಂದು ಸ್ಟೂಲ್ ಇಟ್ಟುಕೊಳ್ಳಿ.

ಮಂಡಿ ಬದಲಿಸುವ ಆಪರೇಷನ್‌ಗೆ ಹೆದರಿಕೆ. ಕಾದರೆ ಕೋಶದ ಚಿಕಿತ್ಸೆ ಬರುತ್ತಲ್ಲ?

ಕಾಲು ಬಾಗಿ, ರಾತ್ರಿ ನಿದ್ದೆಯಿಲ್ಲದೆ, ಬಚ್ಚಲಿಗೆ ಹೋಗಲೂ ಇನ್ನೊಬ್ಬರು ಬೇಕು ಎನ್ನುವ ಹಂತಕ್ಕೆ ಬಂದಿದ್ದರೆ ಕಾಯಬೇಡಿ. ಹಾಕಿದ ನೂರು ಮಂಡಿಗಳಲ್ಲಿ ಸುಮಾರು 82, ಇಪ್ಪತ್ತೈದು ವರ್ಷ ಬಾಳಿಕೆ ಬರುತ್ತವೆ. ಸಂಶೋಧನೆಯಲ್ಲಿರುವ ಕೋಶ ಚಿಕಿತ್ಸೆಗಳು ಕಣ್ಣಿಟ್ಟಿರುವುದು ಆರಂಭದ, ನಡುವಿನ ಹಂತದ ಮಂಡಿಗಳ ಮೇಲೆ. ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಎಂಬುದನ್ನು ಜಿಲ್ಲಾಸ್ಪತ್ರೆಯಲ್ಲಿ ಇಂಥ ಯೋಜನೆಗಳ ಸಹಾಯಕರಾದ ಆರೋಗ್ಯ ಮಿತ್ರರ ಹತ್ತಿರ ಕೇಳಿ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ನಿಮ್ಮ ದೊಡ್ಡಮ್ಮ ಈಗ ಹೇಗಿದ್ದಾರೆ?

ಎಲ್ಲರೂ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಎಡ ಮಂಡಿ ಗ್ರೇಡ್ 3, ಬಲದ್ದು 4. ಬಲಗಾಲಿನ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಎಡಗಾಲಿಗೆ ಟವೆಲ್ ಒತ್ತುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಹೋದ ಬೆಳೆಯಲ್ಲಿ ಸ್ಟ್ಯಾಂಡಿನ ಪಕ್ಕ ನಿಂತೇ ಸೊಪ್ಪು ಹಾಕಿದರು, ಚಂದ್ರಿಕೆ ಕೆಲಸವನ್ನು ಸೊಸೆಗೆ ಬಿಟ್ಟರು. ಮೊನ್ನೆ ಹೋದಾಗ ಎಡಗಾಲಿಗೆ ಯಾವುದಾದರೂ ನೋಂದಾಯಿತ ಪ್ರಯೋಗ ಇದೆಯಾ ನೋಡು ಎಂದರು. ನೋಡುತ್ತಿದ್ದೇನೆ.